ಕೊನೆಯ ತೂಬಿನ ಊರು: ನೀರಾವರಿ ನೀತಿ ಮತ್ತು ಗ್ರಾಮವರ್ತನೆಯ ಅಧ್ಯಯನಗಳ ಮರುವಿಮರ್ಶೆ

ಸರ್ಕಾರದ ನೀತಿಯೊಂದು ಜನರ ನಡವಳಿಕೆಯನ್ನು ಎಷ್ಟರಮಟ್ಟಿಗೆ ಬದಲಿಸಬಲ್ಲದು ಎಂಬ ಪ್ರಶ್ನೆಯನ್ನು ಸಮಾಜವಿಜ್ಞಾನಗಳು ಹಲವು ಬಗೆಗಳಲ್ಲಿ ಕೇಳಿಕೊಂಡಿವೆ. ಕರ್ನಾಟಕದಲ್ಲಿ ಈ ಪ್ರಶ್ನೆಯನ್ನು ಪರೀಕ್ಷಿಸಲು ಒದಗಿಬಂದ ಮುಖ್ಯ ಕ್ಷೇತ್ರ ನೀರಾವರಿ. ನಾಲೆಯ ನೀರು ಹೊಲಕ್ಕೆ ಬಂದೊಡನೆ ಖುಷ್ಕಿ ಜಮೀನು ತರಿಯಾಗುತ್ತದೆ. ಬೆಳೆ, ಕೂಲಿ, ಸಾಲ, ಮದುವೆ, ಜಾತಿಸಂಬಂಧ ಎಲ್ಲದರ ಮೇಲೂ ಅದರ ಪರಿಣಾಮ ಇರಲೇಬೇಕೆಂಬ ನಂಬಿಕೆ ಯೋಜಕರಲ್ಲಿಯೂ ಸಂಶೋಧಕರಲ್ಲಿಯೂ ಇತ್ತು. ಈ ನಂಬಿಕೆಯನ್ನು ಕ್ಷೇತ್ರಕಾರ್ಯದ ಮೂಲಕ ಪರೀಕ್ಷಿಸಿದ ಎರಡು ಪ್ರಸಿದ್ಧ ಅಧ್ಯಯನಗಳನ್ನು ಭದ್ರಾ ಬಲದಂಡೆ ನಾಲೆಯ ಕೊನೆಯ ಭಾಗವಾದ ದಾವಣಗೆರೆ–ಹರಿಹರ ಸೀಮೆಯ ನೆಲೆಯಿಂದ ಮತ್ತೆ ಓದುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಈ ಅಧ್ಯಯನಗಳು ಕೊಟ್ಟ ಉತ್ತರಗಳಷ್ಟೇ ಅವು ಆಯ್ದುಕೊಂಡ ಘಟಕವೂ ವಿಮರ್ಶೆಗೆ ಅರ್ಹವಾಗಿದೆ.

ಮೊದಲನೆಯದು ಸ್ಕಾರ್ಲೆಟ್ ಎಪ್‌ಸ್ಟೀನ್ ಅವರದು. ವಿಯೆನ್ನಾದಲ್ಲಿ ಹುಟ್ಟಿ, ನಿರಾಶ್ರಿತರಾಗಿ ಇಂಗ್ಲೆಂಡ್ ಸೇರಿದ ಎಪ್‌ಸ್ಟೀನ್ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಮಾನವಶಾಸ್ತ್ರ ಪರಂಪರೆಯಲ್ಲಿ ತರಬೇತಿ ಪಡೆದವರು. 1954ರಿಂದ 1956ರವರೆಗೆ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿ ಅವರು ಕ್ಷೇತ್ರಕಾರ್ಯ ನಡೆಸಿದರು. ಅದರ ಫಲವಾಗಿ 1962ರಲ್ಲಿ ‘ಎಕನಾಮಿಕ್ ಡೆವಲಪ್‌ಮೆಂಟ್ ಅಂಡ್ ಸೋಶಿಯಲ್ ಚೇಂಜ್ ಇನ್ ಸೌತ್ ಇಂಡಿಯಾ’ ಎಂಬ ಗ್ರಂಥ ಪ್ರಕಟವಾಯಿತು. ಹಳ್ಳಿಗಳಿಗೆ ಅವರು ವಂಗಲ ಮತ್ತು ದಾಲೇನ ಎಂಬ ಕಲ್ಪಿತ ಹೆಸರುಗಳನ್ನಿಟ್ಟರು. ವಂಗಲಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ದೊರೆತು, ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಬೆಳೆಯುವ ಊರಾಯಿತು. ದಾಲೇನದ ಜಮೀನು ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ, ಸುತ್ತಲಿನ ಪ್ರದೇಶ ನೀರಾವರಿಗೆ ಒಳಪಟ್ಟರೂ ಅದು ಖುಷ್ಕಿಯಾಗಿಯೇ ಉಳಿಯಿತು.

ಎಪ್‌ಸ್ಟೀನ್ ಕಂಡುಕೊಂಡ ಸಂಗತಿ ಅಂದಿನ ನಿರೀಕ್ಷೆಗೆ ವಿರುದ್ಧವಾಗಿತ್ತು. ನೀರು ಬಂದು ಹಣ ಬಂದ ವಂಗಲದಲ್ಲಿ ಸಮಾಜದ ಕಟ್ಟು ಹೆಚ್ಚು ಬದಲಾಗಲಿಲ್ಲ. ಒಕ್ಕಲಿಗ ಬೇಸಾಯಗಾರರಿಗೂ ಅಸ್ಪೃಶ್ಯರೆನಿಸಿಕೊಂಡ ಕೂಲಿಕಾರ ಕುಟುಂಬಗಳಿಗೂ ನಡುವೆ ಇದ್ದ ವಂಶಪಾರಂಪರ್ಯದ ಸಂಬಂಧ ಅಲ್ಲಿ ಮುಂದುವರಿಯಿತು. ಬೇಸಾಯವೇ ಹೆಚ್ಚು ಲಾಭಕರವಾದುದರಿಂದ ಹಳೆಯ ಸಂಬಂಧಗಳನ್ನು ಬಿಡುವ ಅಗತ್ಯ ಯಾರಿಗೂ ತೋರಲಿಲ್ಲ. ನೀರು ಸಿಗದ ದಾಲೇನದವರು ಬದುಕಿಗಾಗಿ ಊರಿನಿಂದ ಹೊರಗೆ ಹೋಗಬೇಕಾಯಿತು. ಅವರು ಮಂಡ್ಯದಲ್ಲಿ ಕೆಲಸ ಹಿಡಿದರು, ಸಣ್ಣ ಉದ್ಯಮಗಳಿಗೆ ಕೈಹಾಕಿದರು, ಅಕ್ಕಪಕ್ಕದ ನೀರಾವರಿ ಊರುಗಳ ಅಗತ್ಯಗಳನ್ನು ಪೂರೈಸಿ ಸಂಪಾದಿಸಿದರು. ಅಲ್ಲಿ ಆನುವಂಶಿಕ ಸಂಬಂಧಗಳು ಸಡಿಲಗೊಂಡವು, ನಾಯಕತ್ವ ಬದಲಾಯಿತು. ಆರ್ಥಿಕ ಬದಲಾವಣೆಯು ಹಳೆಯ ವ್ಯವಸ್ಥೆಗೆ ಹೊಂದಿಕೊಳ್ಳುವಂತಿದ್ದರೆ ಸಮಾಜ ಬದಲಾಗುವುದಿಲ್ಲ, ಹೊಂದಿಕೊಳ್ಳದಿದ್ದಾಗ ಬದಲಾಗುತ್ತದೆ ಎಂಬುದು ಈ ಹೋಲಿಕೆಯ ಸಾರ.

ಸಮೃದ್ಧಿಯೇ ಸಮಾನತೆಯನ್ನು ತರುತ್ತದೆಂಬ ಸರಳ ವಾದವನ್ನು ಅಂಕಿಅಂಶಗಳ ಸಹಾಯದಿಂದ ನಿರಾಕರಿಸಿದ್ದು ಈ ಗ್ರಂಥದ ದೊಡ್ಡ ಸಾಧನೆ. 1970ರಲ್ಲಿ ಅದೇ ಊರುಗಳಿಗೆ ಮರಳಿದ ಎಪ್‌ಸ್ಟೀನ್ 1973ರಲ್ಲಿ ‘ಸೌತ್ ಇಂಡಿಯಾ: ಯೆಸ್ಟರ್‌ಡೇ, ಟುಡೇ ಅಂಡ್ ಟುಮಾರೋ’ ಎಂಬ ಎರಡನೆಯ ಗ್ರಂಥ ಬರೆದರು. ಉಳ್ಳವರಿಗೂ ಇಲ್ಲದವರಿಗೂ ನಡುವಣ ಅಂತರ ಹೆಚ್ಚಿರುವುದನ್ನು ಅವರು ಅದರಲ್ಲಿ ದಾಖಲಿಸಿದರು. ತಮ್ಮ ನಿರ್ಣಯಗಳನ್ನು ಕಾಲದ ಒರೆಗೆ ಹಚ್ಚುವ ಈ ಶಿಸ್ತು ಅಪರೂಪವಾದುದು.

ಆದರೆ ದಾಲೇನದ ಬದಲಾವಣೆಗೆ ನೀರಿನ ಅಭಾವವೊಂದೇ ಕಾರಣವಾಗಿರಲಿಲ್ಲ. ಕೆಲಸ ಕೊಡುವ ಪಟ್ಟಣವೊಂದು ಹತ್ತಿರದಲ್ಲಿತ್ತು. ಎಪ್‌ಸ್ಟೀನ್ ಇದನ್ನು ಬಲ್ಲವರಾಗಿದ್ದರೂ ಅವರ ಸಿದ್ಧಾಂತದಲ್ಲಿ ಪಟ್ಟಣವು ಸ್ಥಿರವಾದ ಹಿನ್ನೆಲೆಯಾಗಿ ಉಳಿಯಿತೇ ಹೊರತು ಸ್ವತಃ ಏಳುಬೀಳುಗಳುಳ್ಳ ಕಾರಣವಾಗಲಿಲ್ಲ. ದಾವಣಗೆರೆಯ ಅನುಭವ ಈ ಕೊರತೆಯನ್ನು ಎತ್ತಿತೋರಿಸುತ್ತದೆ. ಹತ್ತಿಯ ಸೀಮೆಯ ನಡುವೆ ಬೆಳೆದ ಈ ಪಟ್ಟಣ ತನ್ನ ಬಟ್ಟೆಗಿರಣಿಗಳಿಂದಾಗಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಹೆಸರಾಗಿತ್ತು. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಯಂತ್ರೋಪಕರಣ ಕಾರ್ಖಾನೆ ಸುತ್ತಲ ಹಳ್ಳಿಗಳ ಯುವಕರಿಗೆ ಕಸುಬು ಕಲಿಸಿತು. ಖುಷ್ಕಿ ಊರುಗಳಿಂದ ಗಿರಣಿಗೆ, ಕಾರ್ಖಾನೆಗೆ ಹೋಗುವ ದಾಲೇನದ ಮಾದರಿ ಇಲ್ಲಿಯೂ ಇತ್ತು. ಆದರೆ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಈ ಶತಮಾನದ ಆರಂಭದ ವೇಳೆಗೆ ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತಿತು. ಹೊರಗಿನ ದುಡಿಮೆಯಿಂದ ಸಡಿಲಗೊಂಡ ಸಂಬಂಧಗಳು, ಆ ದುಡಿಮೆಯೇ ಇಲ್ಲವಾದಾಗ ಏನಾಗುತ್ತವೆ? ಕೂಲಿಕಾರನು ಮತ್ತೆ ಯಾರ ಹೊಲದ ಬದುವಿಗೆ ಹೋಗಿ ನಿಲ್ಲಬೇಕಾಗುತ್ತದೆ? ವಂಗಲ–ದಾಲೇನಗಳ ಹೋಲಿಕೆಯಿಂದ ಈ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ.

ಎರಡನೆಯ ಅಧ್ಯಯನ ರಾಬರ್ಟ್ ವೇಡ್ ಅವರದು. ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ನಾಲೆ ಪ್ರದೇಶದಲ್ಲಿ ನಡೆಸಿದ ಕ್ಷೇತ್ರಕಾರ್ಯವನ್ನು ಆಧರಿಸಿ ಅವರು 1988ರಲ್ಲಿ ‘ವಿಲೇಜ್ ರಿಪಬ್ಲಿಕ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಕೆಲವು ಊರುಗಳಲ್ಲಿ ಸರ್ಕಾರದ ಪಂಚಾಯಿತಿಗಿಂತ ಬೇರೆಯಾದ ಊರಸಭೆಯೊಂದು ಕೆಲಸ ಮಾಡುತ್ತಿರುವುದನ್ನು ಅವರು ಕಂಡರು. ಬೆಳೆ ಕಾಯುವ ಕಾವಲುಗಾರರನ್ನೂ ನೀರು ಹಂಚುವ ನೀರುಗಂಟಿಗಳನ್ನೂ ಈ ಸಭೆಯೇ ನೇಮಿಸುತ್ತಿತ್ತು. ಕಟಾವಾದ ಹೊಲಗಳಲ್ಲಿ ಕುರಿ ಮೇಯಿಸುವ ಹಕ್ಕನ್ನು ಮಾರಿ ಬಂದ ಹಣವನ್ನು ಊರಿನ ಸಾಮಾನ್ಯ ನಿಧಿಗೆ ಸೇರಿಸುತ್ತಿತ್ತು. ಇಂಥ ವ್ಯವಸ್ಥೆ ಎಲ್ಲ ಊರುಗಳಲ್ಲಿ ಇರಲಿಲ್ಲ. ನೀರು ಧಾರಾಳವಾಗಿದ್ದ ಮೇಲಿನ ಊರುಗಳು ಸುಮ್ಮನಿದ್ದವು. ನೀರು ಬರುವ ಭರವಸೆ ಕಡಿಮೆಯಿದ್ದ ಕೆಳಗಿನ ಊರುಗಳು ಸಂಘಟಿತವಾದವು. ಗ್ರಾಮದ ಒಗ್ಗಟ್ಟು ಪರಂಪರೆಯಿಂದ ಬಂದ ಗುಣವಲ್ಲ, ನಷ್ಟದ ಭಯದಿಂದ ಹುಟ್ಟಿದ ಲೆಕ್ಕಾಚಾರ ಎಂಬುದು ವೇಡ್ ಅವರ ತೀರ್ಮಾನ. ಸಾಮೂಹಿಕ ಸಂಪತ್ತಿನ ನಿರ್ವಹಣೆಯನ್ನು ಕುರಿತು 1990ರಲ್ಲಿ ‘ಗವರ್ನಿಂಗ್ ದಿ ಕಾಮನ್ಸ್’ ಗ್ರಂಥವನ್ನು ಬರೆದು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ ಅವರ ಚಿಂತನೆಯ ಜೊತೆಗೆ ಈ ಗ್ರಂಥವನ್ನು ಓದುವ ಪದ್ಧತಿ ಬೆಳೆದಿದೆ.

ವೇಡ್ ಅವರ ಅಧ್ಯಯನಕ್ಕೆ ಇನ್ನೊಂದು ಮುಖವಿದೆ. ದಕ್ಷಿಣ ಭಾರತದ ನಾಲೆ ನೀರಾವರಿಯಲ್ಲಿ ನೀರಿನ ಹಂಚಿಕೆ, ಕಾಮಗಾರಿ ಮತ್ತು ವರ್ಗಾವಣೆಗಳ ಸುತ್ತ ಹಣ ಹೇಗೆ ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ ಎಂಬುದನ್ನು ಅವರು 1982ರ ಲೇಖನವೊಂದರಲ್ಲಿ ವಿಶ್ಲೇಷಿಸಿದ್ದರು. ನೀರು ಅನಿಶ್ಚಿತವಾಗಿದ್ದಷ್ಟೂ ಅದನ್ನು ಬಿಡಿಸುವ ಅಧಿಕಾರಕ್ಕೆ ಬೆಲೆ ಹೆಚ್ಚು ಎಂಬ ಈ ವಿವೇಚನೆಯನ್ನು ಗ್ರಂಥದೊಡನೆ ಕೂಡಿಸಿ ಓದಿದಾಗ ಚಿತ್ರ ಪೂರ್ಣವಾಗುತ್ತದೆ. ರೈತರ ವರ್ತನೆಯಂತೆಯೇ ಇಲಾಖೆಯ ವರ್ತನೆಯೂ ಅಧ್ಯಯನಕ್ಕೆ ವಸ್ತುವಾಗಬೇಕು. ಒಂದರ ಮೇಲೆ ಮಾತ್ರ ಬೆಳಕು ಚೆಲ್ಲುವ ಸಂಶೋಧನೆ ಇನ್ನೊಂದನ್ನು ಅರಿವಿಲ್ಲದೆಯೇ ರಕ್ಷಿಸುತ್ತದೆ.

ಈ ಎರಡೂ ಗ್ರಂಥಗಳನ್ನು ಭದ್ರಾ ಅಚ್ಚುಕಟ್ಟಿಗೆ ತಂದು ನೋಡಿದಾಗ ಅವುಗಳ ಮಿತಿ ಸ್ಪಷ್ಟವಾಗುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯ 1965ರಲ್ಲಿ ಪೂರ್ಣಗೊಂಡು, ಒಂದು ಲಕ್ಷ ಹೆಕ್ಟೇರಿಗೂ ಮಿಕ್ಕ ಅಚ್ಚುಕಟ್ಟನ್ನು ರೂಪಿಸಿತು. ಬಲದಂಡೆ ನಾಲೆಯ ನೀರು ದಾವಣಗೆರೆ ಮತ್ತು ಮಲೇಬೆನ್ನೂರು ಶಾಖಾ ನಾಲೆಗಳ ತುದಿಯನ್ನು ಮುಟ್ಟುವ ಮೊದಲು ನೂರಾರು ತೂಬುಗಳನ್ನು ದಾಟಿ ಬರಬೇಕು. ಮೇಲ್ಭಾಗದಲ್ಲಿ ಭತ್ತವೂ ಅಡಿಕೆ ತೋಟವೂ ಹೆಚ್ಚಿದಷ್ಟು ಕೆಳಭಾಗದ ಪಾಲು ಕುಗ್ಗುತ್ತದೆ. ಸರದಿಯ ಮೇಲೆ ನೀರು ಬಿಡುವ ದಿನಗಳ ಲೆಕ್ಕ, ನಾಲೆಗೆ ಇಳಿಬಿಟ್ಟ ಪಂಪ್‌ಸೆಟ್‌ಗಳ ತೆರವು, ಕೊನೆಯ ಭಾಗಕ್ಕೆ ನೀರು ತಲುಪಲಿಲ್ಲವೆಂಬ ದೂರು ಇವು ಈ ಸೀಮೆಯಲ್ಲಿ ಬೇಸಿಗೆಯ ಪರಿಚಿತ ಸುದ್ದಿಗಳು. ಮಳೆ ಕೈಕೊಟ್ಟ 2023ರಲ್ಲಿ ಭದ್ರಾ ನಾಲೆಗೆ ನೂರು ದಿನ ನೀರು ಹರಿಸುವ ವಿಷಯ ವಿವಾದವಾದಾಗ ದಾವಣಗೆರೆಯ ರೈತರು ಬೀದಿಗಿಳಿದರು.

ಇಂಥ ಕೊನೆಯ ಭಾಗದ ಊರು ವಂಗಲವೂ ಅಲ್ಲ, ದಾಲೇನವೂ ಅಲ್ಲ. ಕಂದಾಯದ ದಾಖಲೆಯಲ್ಲಿ ಅದು ನೀರಾವರಿ ಊರು. ನೀರು ಬಾರದ ವರ್ಷ ಅದು ಖುಷ್ಕಿ. ನೀರು ಬಂದ ವರ್ಷ ಊರಿನಲ್ಲೇ ದುಡಿಮೆ ಸಿಗುತ್ತದೆ, ಬಾರದ ವರ್ಷ ಕೂಲಿಕಾರರು ಗುಳೆ ಹೊರಡುತ್ತಾರೆ. ಎಪ್‌ಸ್ಟೀನ್ ಎರಡು ಊರುಗಳಲ್ಲಿ ಕಂಡ ಎರಡು ಸ್ಥಿತಿಗಳು ಇಲ್ಲಿ ಒಂದೇ ಊರಿನಲ್ಲಿ ಸರದಿಯಂತೆ ಬಂದು ಹೋಗುತ್ತವೆ.

ವೇಡ್ ಅವರ ಸೂತ್ರವೂ ಇಲ್ಲಿ ಪೂರ್ತಿಯಾಗಿ ಅನ್ವಯವಾಗದು. ಕೊರತೆ ಜನರನ್ನು ಒಗ್ಗೂಡಿಸುವುದು ಅದು ಒಂದು ಮಿತಿಯೊಳಗೆ ಇರುವವರೆಗೆ ಮಾತ್ರ. ಹಂಚಿಕೊಳ್ಳಲು ನೀರೇ ಇಲ್ಲದಲ್ಲಿ ನೀರುಗಂಟಿಯನ್ನು ನೇಮಿಸುವುದರಲ್ಲಿ ಅರ್ಥವಿಲ್ಲ. ಅದಕ್ಕಿಂತ ಮುಖ್ಯವಾಗಿ, ಈ ಎರಡೂ ಕ್ಷೇತ್ರಕಾರ್ಯಗಳ ಅನಂತರ ಕೊಳವೆಬಾವಿ ಬಂದಿದೆ. ನಾಲೆಯನ್ನು ನಂಬಿ ಅಡಿಕೆ ಸಸಿ ನೆಟ್ಟ ರೈತ ಅದು ಒಣಗದಂತೆ ಉಳಿಸಿಕೊಳ್ಳಲು ಸಾಲ ಮಾಡಿ ಕೊಳವೆಬಾವಿ ಕೊರೆಸುತ್ತಾನೆ. ಊರೆಲ್ಲ ಕೂಡಿ ಎದುರಿಸಬೇಕಾಗಿದ್ದ ಕೊರತೆ ಹೀಗೆ ಒಂದೊಂದು ಮನೆಯ ಸಾಲವಾಗಿ ಒಡೆದುಹೋಗುತ್ತದೆ. ಸಾಲ ತರಬಲ್ಲವನಿಗೆ ನಾಲೆಯ ಗೊಡವೆ ಕಡಿಮೆಯಾಗುತ್ತದೆ, ತರಲಾರದವನು ಒಂಟಿಯಾಗುತ್ತಾನೆ. ಊರಸಭೆಯಲ್ಲಿ ಮಾತಾಡಬಲ್ಲ ಶಕ್ತಿಯುಳ್ಳವರೇ ಅದರ ಅಗತ್ಯವಿಲ್ಲದವರಾಗುವುದು ಇಂದಿನ ಕೊನೆಯ ಭಾಗದ ಊರುಗಳ ಬಿಕ್ಕಟ್ಟು.

ಈ ಚರ್ಚೆ ಕೇವಲ ಶಾಸ್ತ್ರೀಯವಾದುದಲ್ಲ. ಕರ್ನಾಟಕ ನೀರಾವರಿ ಕಾಯ್ದೆಗೆ 2000ದಲ್ಲಿ ತಂದ ತಿದ್ದುಪಡಿಯು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾನೂನಿನ ಸ್ಥಾನ ನೀಡಿತು. ನೆರೆಯ ಆಂಧ್ರಪ್ರದೇಶ 1997ರಲ್ಲಿಯೇ ಇಂಥದೊಂದು ಕಾಯ್ದೆ ಮಾಡಿತ್ತು. ರೈತರೇ ನೀರನ್ನು ನಿರ್ವಹಿಸಬೇಕೆಂಬ ಆಶಯ ಗೌರವಾರ್ಹವಾದುದು. ಆದರೆ ನಾಲೆಯ ತಲೆಯಲ್ಲಿರುವ ಊರಿಗೂ ತುದಿಯಲ್ಲಿರುವ ಊರಿಗೂ ಒಂದೇ ನಮೂನೆಯ ಸಂಘವನ್ನು ವಿಧಿಸುವಾಗ, ಸಹಕಾರವು ಊರಿನ ಒಳಗುಣವೆಂಬ ಹಳೆಯ ಕಲ್ಪನೆಯೇ ನೀತಿಯಲ್ಲಿ ಮರಳಿ ಬಂದಂತಾಗುತ್ತದೆ. ಮೇಲಿನವರಿಗೆ ಸಂಘ ಬೇಕಿಲ್ಲ. ಕೆಳಗಿನ ಸಂಘಕ್ಕೆ ಮೇಲಿನ ತೂಬಿನ ಮೇಲೆ ಅಧಿಕಾರವಿಲ್ಲ. ಸಂಘ ನಿಷ್ಕ್ರಿಯವಾದಾಗ ರೈತರಲ್ಲಿ ಒಗ್ಗಟ್ಟಿಲ್ಲವೆಂದು ಷರಾ ಬರೆಯುವುದು ಸುಲಭ. ಆ ಷರಾ ಒಬ್ಬ ರೈತನ ಪಾಲಿನ ನೀರನ್ನು ಅವನ ಗುಣದೋಷದ ವಿಚಾರವನ್ನಾಗಿ ಮಾಡಿಬಿಡುತ್ತದೆ.

ದಾವಣಗೆರೆ ತಾಲ್ಲೂಕಿನ ಲೋಕಿಕೆರೆಯಂತಹ ಊರುಗಳ ಹೆಸರಿನಲ್ಲಿಯೇ ಕೆರೆಯಿದೆ. ದಾವಣಗೆರೆಯ ಹೆಸರಿನಲ್ಲಿಯೂ ಇದೆ. ನಾಲೆಗಿಂತ ಹಳೆಯದಾದ ನೀರಿನ ವ್ಯವಸ್ಥೆಯೊಂದನ್ನು ಈ ಹೆಸರುಗಳು ನೆನಪಿಸುತ್ತವೆ. ಕೆರೆಯ ನೀರಿನ ಮೂಲ, ಏರಿ, ತೂಬು ಮತ್ತು ಅಚ್ಚುಕಟ್ಟು ಬಹುಮಟ್ಟಿಗೆ ಊರಿನ ಕಣ್ಣಳತೆಯಲ್ಲಿದ್ದವು. ಅಲ್ಲಿ ಊರನ್ನು ಅಧ್ಯಯನದ ಘಟಕವನ್ನಾಗಿ ಹಿಡಿಯುವುದು ಸರಿಯಾಗಿತ್ತು. ನಾಲೆಯ ಕಾಲದಲ್ಲಿ ಊರಿನ ನೀರಿನ ನಿರ್ಧಾರ ಹತ್ತಾರು ಮೈಲಿ ಮೇಲೆ ನಡೆಯುತ್ತದೆ. ಆದುದರಿಂದ ನಾಲೆಯನ್ನೇ ಘಟಕವಾಗಿ ಹಿಡಿದು, ತಲೆ, ನಡು ಮತ್ತು ತುದಿಯ ಊರುಗಳನ್ನು ಒಟ್ಟಿಗೆ, ಮಳೆಯ ಮತ್ತು ಬರದ ವರ್ಷಗಳೆರಡರಲ್ಲಿಯೂ ನೋಡುವ ಅಧ್ಯಯನ ಬೇಕಾಗಿದೆ. ಗೇಟಿನ ಬಳಿ ನಿಲ್ಲುವ ಸೌಡಿಯಿಂದ ಹಿಡಿದು ನೀರು ಬಿಡುವ ದಿನಾಂಕವನ್ನು ತೀರ್ಮಾನಿಸುವ ಸಮಿತಿಯವರೆಗೆ ಎಲ್ಲರ ವರ್ತನೆಯೂ ಅದರ ವ್ಯಾಪ್ತಿಗೆ ಬರಬೇಕು.

ಇಂಥ ಅಧ್ಯಯನಕ್ಕೆ ವಿಧಾನದ ಸೂಚನೆಯೊಂದನ್ನು ಎಪ್‌ಸ್ಟೀನ್ ಅವರೇ ಒದಗಿಸಿದ್ದಾರೆ. ನಾಲ್ಕು ದಶಕಗಳ ಗ್ರಾಮಪರಿವರ್ತನೆಯನ್ನು ಕುರಿತು 1998ರಲ್ಲಿ ಪ್ರಕಟವಾದ ‘ವಿಲೇಜ್ ವಾಯ್ಸಸ್’ ಗ್ರಂಥದಲ್ಲಿ, ಅವರ ಸಂಶೋಧನ ಸಹಾಯಕರಾಗಿದ್ದ ಎ. ಪಿ. ಸೂರ್ಯನಾರಾಯಣ ಮತ್ತು ಟಿ. ತಿಮ್ಮೇಗೌಡ ಸಹಲೇಖಕರಾಗಿದ್ದಾರೆ. ಭಾಷೆಯನ್ನೂ ಊರನ್ನೂ ಬಲ್ಲ ಸಹಾಯಕರು ಗ್ರಂಥದ ಮುಖಪುಟಕ್ಕೆ ಬರಲು ಇಷ್ಟು ವರ್ಷ ಬೇಕಾಯಿತೆಂಬುದು ವಿಚಾರಾರ್ಹ. ಆದರೂ ದಾರಿ ಅದೇ. ಅಚ್ಚುಕಟ್ಟಿನ ಲೆಕ್ಕ ಇಲಾಖೆಯ ಕಡತದಲ್ಲಿದ್ದರೆ, ಬಾರದ ನೀರಿನ ಲೆಕ್ಕ ಕೊನೆಯ ತೂಬಿನ ರೈತನಲ್ಲಿದೆ. ನೀರಾವರಿ ನೀತಿಯನ್ನು ಕುರಿತ ಸಂಶೋಧನೆ ಇವೆರಡನ್ನೂ ಎದುರುಬದುರು ಇಟ್ಟು ನೋಡದೆ ತನ್ನ ತೀರ್ಮಾನಗಳನ್ನು ಪೂರ್ಣವೆಂದು ಹೇಳಲಾಗದು.