‘ಕುರುಬ’ ಮತ್ತು ‘ಕಾಪರಿ’: 23ನೆಯ ಕೀರ್ತನೆಯ ಸಾಂತ್ವನ ಭಾಷೆ

ಮಿಷನರಿಗಳ ಕನ್ನಡವನ್ನು ಕುರಿತ ನಮ್ಮ ಚರ್ಚೆಗಳು ಬಹುಮಟ್ಟಿಗೆ ಮುದ್ರಣ, ನಿಘಂಟು, ಗದ್ಯಶೈಲಿಗಳ ಸುತ್ತಲೇ ನಡೆದಿವೆ. ಬಳ್ಳಾರಿಯಲ್ಲಿ 1810ರಲ್ಲಿ ನೆಲೆಸಿದ ಜಾನ್ ಹ್ಯಾಂಡ್ಸ್ ಕೈಗೊಂಡ ಅನುವಾದ 1831ರಲ್ಲಿ ಪೂರ್ಣ ಸತ್ಯವೇದವಾಯಿತು, ಕಿಟೆಲ್ಲರ ‘ಕಥಾಮಾಲೆ’ 1862ರಲ್ಲಿ ಬಂದಿತು ಎಂಬಲ್ಲಿಗೆ ನಮ್ಮ ಕುತೂಹಲ ನಿಂತುಬಿಡುತ್ತದೆ. ಈ ಭಾಷೆಯನ್ನು ಆಶ್ರಯಿಸಿ ದುಃಖವನ್ನು ನುಂಗಿಕೊಂಡ ಓದುಗ ನಮ್ಮ ವಿಮರ್ಶೆಯ ಲೆಕ್ಕಕ್ಕೆ ಬಂದಿಲ್ಲ.

ಹೈದರಾಬಾದಿನ ನಾಚಾರಂನಂಥ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಬೀದರ್ ಕಡೆಯ ಕನ್ನಡ ಕ್ರೈಸ್ತನೊಬ್ಬನನ್ನು ಕಲ್ಪಿಸಿಕೊಳ್ಳೋಣ. (1956ಕ್ಕೆ ಮೊದಲು ಬಂದವನಾಗಿದ್ದರೆ ಅವನು ತನ್ನ ರಾಜ್ಯದ ರಾಜಧಾನಿಗೇ ಬಂದಿದ್ದನೆಂಬುದನ್ನು ಮರೆಯಬಾರದು.) ತೆಲುಗು ಆರಾಧನೆಯಲ್ಲಿ ಅವನು 23ನೆಯ ಕೀರ್ತನೆಯನ್ನು ಕೇಳಿದಾಗ ದೇವರು ‘ಕಾಪರಿ’; ಮನೆಯಲ್ಲಿ ತನ್ನ ಹಳೆಯ ಸತ್ಯವೇದವನ್ನು ತೆರೆದರೆ ದೇವರು ‘ಕುರುಬ’. ‘ಕಾಪರಿ’ ಎಂದರೆ ಕಾಯುವವನು; ಅದು ವೃತ್ತಿಸೂಚಕ. ‘ಕುರುಬ’ ಎಂಬುದಾದರೋ ನಮ್ಮ ನಾಡಿನಲ್ಲಿ ವೃತ್ತಿಯೊಂದಿಗೆ ಸಮುದಾಯವನ್ನೂ ಹೇಳುವ ಮಾತು. ಈಚಿನ ಅನುವಾದಗಳಲ್ಲಿ ಕಾಣುವ ‘ಕುರಿಗಾಹಿ’ ಈ ತೊಡಕನ್ನು ತಪ್ಪಿಸಿಕೊಳ್ಳುತ್ತದೆ. ಕಾವ್ಯದ ಗಾಂಭೀರ್ಯವೂ ಅದಕ್ಕುಂಟು. ಆದರೂ ಹಳೆಯ ಪದವೇ ಮೇಲೆಂದು ನಮ್ಮ ಅಭಿಪ್ರಾಯ.

ಪ್ರಾಚೀನ ಪಶ್ಚಿಮ ಏಷ್ಯದಲ್ಲಿ ‘ಮಂದೆ ಕಾಯುವವನು’ ಎಂಬುದು ಅರಸರ ಬಿರುದೂ ಆಗಿತ್ತು. ಹಮ್ಮುರಾಬಿ ತನ್ನನ್ನು ಹಾಗೆ ಕರೆದುಕೊಂಡಿದ್ದಾನೆ. ಕನ್ನಡಕ್ಕೆ ಬರುವಾಗ ಆ ರಾಜಠೀವಿ ಉದುರಿಹೋಗಿದೆ. ‘ಗೋಪಾಲ’, ‘ಪಶುಪತಿ’ ಎಂಬ ಪದಗಳು ಸಿದ್ಧವಾಗಿದ್ದರೂ ಅವು ಬೇರೆ ದೇವರುಗಳಿಗೆ ಸಂದುಹೋಗಿದ್ದವು. ಉಳಿದವನು ಕಂಬಳಿ ಹೊದ್ದು, ಹೊಲದಲ್ಲಿ ಮಂದೆ ನಿಲ್ಲಿಸಿ, ಮಳೆಚಳಿಗೆ ಅಲ್ಲಿಯೇ ಮಲಗುವ ಕುರುಬ. ನಮ್ಮ ಶರಣಪರಂಪರೆಯಲ್ಲಿ ಕುರಿಹಿಕ್ಕೆಯನ್ನೇ ಲಿಂಗವೆಂದು ಪೂಜಿಸಿದ ವೀರಗೊಲ್ಲಾಳನ ಐತಿಹ್ಯವಿದೆ. ಅಲ್ಲಿ ಕುರಿ ಕಾಯುವವನು ಭಕ್ತ. ಇಲ್ಲಿ ಅವನೇ ದೇವರು, ಭಕ್ತ ಕುರಿ. ಈ ತಿರುವು ಅನುವಾದಕರ ಉದ್ದೇಶವಾಗಿರಲಾರದು. ಆದರೆ ಪಠ್ಯಕ್ಕೆ ದಕ್ಕಿದೆ.

ಲೂಕನ 15ನೆಯ ಅಧ್ಯಾಯದ ಸಾಮ್ಯಗಳನ್ನು ಇದರೊಡನೆ ಇಟ್ಟು ನೋಡಬೇಕು. ಗ್ರೀಕ್ ಮೂಲದಲ್ಲಿ ಕುರಿ, ನಾಣ್ಯ, ಮಗ ಮೂರಕ್ಕೂ ಒಂದೇ ಕ್ರಿಯಾಪದ. ಕನ್ನಡದ ಜಾಯಮಾನದಲ್ಲಿ ನಾಣ್ಯ ಕಳೆದುಹೋಗುತ್ತದೆ, ಕುರಿ ತಪ್ಪಿಸಿಕೊಳ್ಳುತ್ತದೆ, ಮಗ ದಾರಿ ತಪ್ಪುತ್ತಾನೆ. ‘ತಪ್ಪು’ ಎಂಬ ಧಾತುವಿನಲ್ಲಿ ಅಪರಾಧವೂ ಅಡಗಿರುವುದರಿಂದ ದಿಕ್ಕುಗೆಟ್ಟವನು ಕನ್ನಡದಲ್ಲಿ ಅರೆಪಾಲು ತಪ್ಪಿತಸ್ಥನೇ. ಕೆಲಸ ಕಳೆದುಕೊಂಡು, ಪರಭಾಷೆಯ ಬೀದಿಯಲ್ಲಿ ನಿಂತವನಿಗೆ ‘ನೀನು ತಪ್ಪಿಹೋದವನು’ ಎಂಬ ಮಾತು ಸಾಂತ್ವನಕ್ಕಿಂತ ಹೆಚ್ಚಾಗಿ ಆರೋಪವಾಗಿ ಕೇಳಿಸಬಹುದು. ಬೋಧಕರು ಈ ಸೂಕ್ಷ್ಮವನ್ನು ಗಮನಿಸುವುದು ಅಪರೂಪ. 23ನೆಯ ಕೀರ್ತನೆಯಲ್ಲಿ ಕತ್ತಲ ಕಣಿವೆಯುಂಟು, ಶತ್ರುಗಳುಂಟು. ಕುರಿಯ ತಪ್ಪಿನ ಪ್ರಸ್ತಾಪವೇ ಇಲ್ಲ. ಕಣಿವೆಗೆ ಏಕೆ ಬಂದೆಯೆಂದು ಯಾರೂ ಕೇಳುವುದಿಲ್ಲ.

ಇನ್ನೊಂದು ಅಂಶ ವ್ಯಾಕರಣಕ್ಕೆ ಸಂಬಂಧಿಸಿದ್ದು. ಕೀರ್ತನೆಯ ಮೊದಲ ಭಾಗದಲ್ಲಿ ದೇವರು ಪ್ರಥಮಪುರುಷದಲ್ಲಿದ್ದಾನೆ. ಕಣಿವೆ ಬಂದೊಡನೆ ‘ಅವನು’ ಹೋಗಿ ‘ನೀನು’ ಬರುತ್ತದೆ. ಇದು ಹೀಬ್ರೂ ಮೂಲದ್ದೇ ಆದರೂ ಕನ್ನಡದಲ್ಲಿ ಅದಕ್ಕೆ ಬೇರೊಂದು ಬಣ್ಣವಿದೆ. ಊರ ಜಮೀನುದಾರ ಕುರುಬನನ್ನು ಕೂಗುವುದೂ ‘ನೀನು’ ಎಂದೇ. ಶರಣರು ತಮ್ಮ ದೇವರನ್ನು ಕರೆದದ್ದೂ ‘ನೀನು’ ಎಂದೇ. ‘ಕುರಿಗಾಹಿ’ಯನ್ನು ಆರಿಸಿದ ಅನುವಾದಕ್ಕೆ ಇವೆರಡರಲ್ಲಿ ಎರಡನೆಯದು ಮಾತ್ರ ಉಳಿಯುತ್ತದೆ.