ಎಲ್ಲ ಪ್ರಬಂಧಕ್ಕೂ ಒಪ್ಪುವ ಪೀಠಿಕೆ

ಯಾವ ಪ್ರಬಂಧದ ತಲೆಗಾದರೂ ಕೂರಿಸಬಹುದಾದ ಪೀಠಿಕೆ ನಮ್ಮ ಶಾಲಾ ಬರವಣಿಗೆಯ ದೊಡ್ಡ ದೋಷ. ‘ಭಾರತ ಕೃಷಿಪ್ರಧಾನ ದೇಶ’ ಎಂಬ ವಾಕ್ಯ ಬರಗಾಲಕ್ಕೂ ಆಗುತ್ತದೆ, ಸಾವಯವ ಗೊಬ್ಬರಕ್ಕೂ ಆಗುತ್ತದೆ. ನಾಡುನುಡಿಯ ವಿಷಯ ಬಂದರಂತೂ ಕಾವೇರಿಯಿಂದ ಗೋದಾವರಿಯವರೆಗಿನ ನಾಡು ತಪ್ಪದೆ ಹಾಜರು. ಈ ಮಾತಿನ ಮೂಲ ನಮ್ಮ ಕಲಬುರಗಿಗೆ ದೂರದ್ದಲ್ಲ. ಮಾನ್ಯಖೇಟ, ಅಂದರೆ ಇದೇ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ, 9ನೇ ಶತಮಾನದಲ್ಲಿ ರೂಪುಗೊಂಡ ‘ಕವಿರಾಜಮಾರ್ಗ’ದ್ದು. ಆದರೆ ಅಲ್ಲಿ ಅದು ಮೊದಲ ಪದ್ಯವಲ್ಲ. ಮೊದಲ ಪರಿಚ್ಛೇದದ ಚರ್ಚೆ ಒಂದಿಷ್ಟು ಮುಂದುವರಿದ ಮೇಲೆ ಬರುತ್ತದೆ. ಗಡಿ ಹೇಳಿ ಸುಮ್ಮನಾಗದೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನುಡಿಯೇ ಕನ್ನಡದ ತಿರುಳೆಂದು ಗ್ರಂಥ ಗುರುತಿಸುತ್ತದೆ. ಕಾವ್ಯಕ್ಕೆ ಯಾವ ಕನ್ನಡ ತಕ್ಕದ್ದು ಎಂಬ ವಿವೇಚನೆಗೆ ಆ ಗಡಿರೇಖೆ ಬೇಕಿತ್ತು. ಹೆಮ್ಮೆ ಅಲ್ಲಿಯೂ ಇದೆ, ಆದರೆ ಅದಕ್ಕೊಂದು ಕೆಲಸವಿದೆ. ನಮ್ಮ ಪೀಠಿಕೆಗಳು ಹೆಮ್ಮೆಯನ್ನು ಉಳಿಸಿಕೊಂಡು ಕೆಲಸವನ್ನು ಕೈಬಿಟ್ಟಿವೆ.

ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಚೌಕಟ್ಟಿಗೆ ಅಂಕವಿದೆ, ಮನೆಯಲ್ಲಿ ಪುಸ್ತಕವಿಲ್ಲದ ಹಳ್ಳಿಯ ಮಗುವಿಗೆ ಬಾಯಿಪಾಠದ ಸಾಲೇ ಆಸರೆ ಎಂದು ಮೇಷ್ಟ್ರುಗಳು ವಾದಿಸುತ್ತಾರೆ. ಚೌಕಟ್ಟಿನ ಬಗ್ಗೆ ನನ್ನ ತಕರಾರಿಲ್ಲ. ಆಸರೆಯ ಮಾತನ್ನು ಮಾತ್ರ ಒಪ್ಪಲಾರೆ. ಕಲಬುರಗಿ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆಯನ್ನೇ ನೋಡಿ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಣ್ಣು. ಪೇಟೆಯಲ್ಲಿ ಸಾಮಾನ್ಯ ಬಾಳೆಗಿಂತ ದುಬಾರಿ. ಗೊನೆ ಕೈಗೆ ಬರಲು ಮಾತ್ರ ಹೆಚ್ಚು ಕಾಲ ಬೇಕು. ಒಳ್ಳೆಯ ಬೆಲೆಯ ಹಣ್ಣನ್ನು ಎಲ್ಲರೂ ಏಕೆ ಬೆಳೆಯುವುದಿಲ್ಲ? ಈ ಒಂದು ಪ್ರಶ್ನೆಯಿಂದ ಶುರುವಾದ ಪ್ರಬಂಧಕ್ಕೆ ಮುಂದಿನ ದಾರಿ ತಾನಾಗಿ ತೆರೆಯುತ್ತದೆ: ನೀರು, ಕಾಯುವ ತಾಕತ್ತು, ಸಾಲ, ಮಾರುಕಟ್ಟೆ. ಇವು ಆ ಊರಿನ ಮಗುವಿಗೆ ಗೈಡು ಬರೆದವರಿಗಿಂತ ಚೆನ್ನಾಗಿ ಗೊತ್ತು. ಕೃಷಿಪ್ರಧಾನ ದೇಶದ ವಾಕ್ಯ ಆ ತಿಳಿವಳಿಕೆಯನ್ನು ಹೊಸಿಲಲ್ಲೇ ತಡೆದು ನಿಲ್ಲಿಸುತ್ತದೆ. ಹಾಗೆಂದು ಪ್ರಶ್ನೆಯನ್ನೇ ಹೊಸ ಗಿಳಿಪಾಠ ಮಾಡಿಬಿಟ್ಟರೆ (ನಮ್ಮಲ್ಲಿ ಅದಕ್ಕೂ ತಡವಾಗದು) ಫಲ ಅಷ್ಟಕ್ಕಷ್ಟೇ. ಮುಂದಿನ ಪುಟಗಳು ಉತ್ತರಿಸದ ಪ್ರಶ್ನೆ ಬರೀ ಅಲಂಕಾರ.

ಪರೀಕ್ಷೆಯಲ್ಲಿ ಯೋಚಿಸಲು ಹೊತ್ತೆಲ್ಲಿ ಎಂಬುದು ಇದ್ದುದರಲ್ಲಿ ಗಟ್ಟಿ ಆಕ್ಷೇಪ. ಆದರೆ ಪೀಠಿಕೆಯನ್ನು ಮೊದಲೇ ಬರೆಯಬೇಕೆಂದು ಯಾವ ನಿಯಮವೂ ಇಲ್ಲ. ಉತ್ತರಪತ್ರಿಕೆಯಲ್ಲಿ ನಾಲ್ಕು ಸಾಲು ಖಾಲಿ ಬಿಟ್ಟು ನಿರೂಪಣೆಗೆ ಇಳಿದು, ಹೇಳಬೇಕಾದದ್ದು ಏನೆಂದು ಸ್ಪಷ್ಟವಾದ ಮೇಲೆ ಮೇಲಕ್ಕೆ ಬಂದು ತುಂಬಿದರೆ ಸಮಯ ಹೆಚ್ಚೇನೂ ಹಿಡಿಯದು.