ಕಾಳಿಯ ಕಲ್ಲು

ಮೈಸೂರಿನ ಸಂತ ಫಿಲೋಮಿನಾ ಚರ್ಚಿನಲ್ಲಿ ಮೇಣದಬತ್ತಿ ಹಚ್ಚುವವರನ್ನು ನೋಡುತ್ತ ನಿಂತಾಗ, ನೆನಪಿಗೂ ಒಂದು ಕೆಲಸ ಬೇಕು ಎಂದು ನನಗನಿಸುತ್ತದೆ. 1914–18ರ ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಎಷ್ಟೋ ಹಳೆಯ ಚರ್ಚುಗಳ ಒಂದು ಮಗ್ಗುಲನ್ನು ಮಡಿದವರ ಸ್ಮಾರಕ ಪ್ರಾರ್ಥನಾಲಯವಾಗಿ ಮಾಡಿದರು. ಪ್ರಾರ್ಥನೆಗೆ ಬಂದವನ ಕಣ್ಣಿಗೆ ಊರ ಹುಡುಗರ ಹೆಸರು ಬೀಳಲೇಬೇಕು. ದೇವರ ಮನೆಯಲ್ಲಿ ಯುದ್ಧದ ಲೆಕ್ಕವೇಕೆ ಎಂದು ಮೂಗು ಮುರಿಯುವವರಿದ್ದಾರೆ. ಅಂಥವರಿಗೆ ನಮ್ಮ ನೆರೆಯ ಮಂಡ್ಯ ಜಿಲ್ಲೆಯ ಆತಕೂರಿನ ಕತೆ ಹೇಳಬೇಕು.

ಕ್ರಿ.ಶ. 949ರ ಸುಮಾರಿಗೆ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರನ್ನು ಗೆದ್ದ. ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಇಮ್ಮಡಿ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300 ಮೊದಲಾದ ನಾಡುಗಳೇ ಸಿಕ್ಕವು. ಬೂತುಗನ ಬಂಟ ಮಣಲರ, ಮೆಚ್ಚಿದ ದೊರೆಯ ಬಳಿ ಕೇಳಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಕಾಡುಹಂದಿಯೊಡನೆ ಸೆಣಸಿತು, ಎರಡೂ ಸತ್ತವು. ಮಣಲರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ನಾಯಿ-ಹಂದಿಯ ಕಾಳಗದ ಚಿತ್ರ, ತಕ್ಕೋಲದ ಸುದ್ದಿ ಎರಡೂ ಒಂದೇ ಕಲ್ಲಿನಲ್ಲಿವೆ.

ಈ ಶಾಸನದ ಬರಹಗಾರನನ್ನು ನಾನು ದೊಡ್ಡವನೆನ್ನುವುದು ಕೊನೆಯ ಮಾತಿಗಾಗಿ. ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟಿದೆ. ಕಲ್ಲನ್ನು ಪೂಜಿಸದೆ ಉಂಡ ಗುಡಿಯ ಗೊರವನಿಗೆ ನಾಯಿಯ ಪಾಪ ಅಂಟುತ್ತದೆಂದು ಬರೆದಿದೆ. ಮನುಷ್ಯರ ಮರೆವು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ನೆನಪನ್ನು ಭಾವನೆಗೆ ಬಿಡದೆ ಊಟಕ್ಕೆ ಕಟ್ಟಿಹಾಕಿದ.

ಆದರೆ ಹೊಗಳಿ ಮುಗಿಸುವಂತಿಲ್ಲ. ತಕ್ಕೋಲದಲ್ಲಿ ಬಿದ್ದ ಸಾಮಾನ್ಯ ಸೈನಿಕರಲ್ಲಿ ಒಬ್ಬನ ಹೆಸರೂ ಇಲ್ಲಿಲ್ಲ. ಕೊಂದ ಅರಸನಿದ್ದಾನೆ, ಸತ್ತ ರಾಜಕುಮಾರನಿದ್ದಾನೆ, ನಾಯಿಯಿದೆ. ಹಳ್ಳಿಯ ಹುಡುಗರ ಹೆಸರುಗಳನ್ನು ಸಾಲಾಗಿ ಕೆತ್ತಿದ ಇಂಗ್ಲೆಂಡಿನ ಆ ಚರ್ಚುಗಳು ಇಲ್ಲಿ ನಮಗಿಂತ ಮೇಲು. ಕಾಳಿಯ ಮೇಲಿನ ಪ್ರೀತಿ ಸುಳ್ಳಲ್ಲ. ಆದರೆ ಯಾರ ಸಾವು ಕಲ್ಲಿಗೇರಬೇಕೆಂಬುದನ್ನು ಕಲ್ಲು ನಿಲ್ಲಿಸುವ ಶಕ್ತಿಯಿದ್ದವನೇ ತೀರ್ಮಾನಿಸಿದ.

ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅಕ್ಷರಗಳು ಉಳಿದವು, ವಿದ್ವಾಂಸರು ಓದಿದರು, ಅದು ಉಪಕಾರವೇ. ಆದರೆ ಗುಡಿಯಿಂದ ದೂರವಾದ ಕಲ್ಲಿಗಾಗಿ ಊಟ ತಡೆದು ನಿಲ್ಲುವ ಗೊರವನಿಲ್ಲ. ಸ್ಮಾರಕದಲ್ಲಿ ಕಲ್ಲು ಅರ್ಧ, ಅದಕ್ಕೆ ಕೈಮುಗಿಯಬೇಕಾದವನು ಇನ್ನರ್ಧ. ಮೊದಲರ್ಧವನ್ನು ನಾವು ಜೋಪಾನ ಮಾಡಿದ್ದೇವೆ.

ಹೊಸ ಸ್ಮಾರಕಗಳನ್ನು ಕಟ್ಟುವವರು ಎತ್ತರದ ಮಾತಾಡುವ ಮೊದಲು ಮಣಲರನಂತೆ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಇದನ್ನು ನೆನೆಯದೆ ಯಾರು ಊಟಕ್ಕೆ ಕೂರಬಾರದು?